ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಮತ್ತು ಸಂತಾನ

ವಿವಾಹವಾಗಿ ಎರಡು ವರ್ಷಗಳಾದರೂ ಸಂತಾನವಿಲ್ಲವೆಂದು ಚಿಕಿತ್ಸಾಲಯಕ್ಕೆ ಬಂದ ಯುವಕನ ಮೈಕಟ್ಟು ಪೈಲ್ವಾನನದು. ವೀರ್ಯಪರೀಕ್ಷೆಯಲ್ಲಿ ಮಾತ್ರ ಒಂದೂ ವೀರ್ಯಾಣು ಕಾಣಲಿಲ್ಲ. ವಿಚಾರಿಸಲಾಗಿ, ಗರಡಿಯ ಗೆಳೆಯರ ಮಾತು ಕೇಳಿ ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದನೆಂದು ತಿಳಿಯಿತು.

ಪುರುಷರಲ್ಲಿ ಈ ಹಾರ್ಮೋನು ಮುಖ್ಯವಾಗಿ ವೃಷಣಗಳಲ್ಲಿ ಉತ್ಪತ್ತಿಯಾಗುತ್ತದೆ. ಗಡ್ಡಮೀಸೆ, ಕಾಮಾಸಕ್ತಿಗಳಿಗೆ ಮಾತ್ರವಲ್ಲದೆ ಮೂಳೆಯ ಗಟ್ಟಿತನ, ಸ್ನಾಯುಬಲ, ಕೆಂಪು ರಕ್ತಕಣಗಳ ಉತ್ಪತ್ತಿಗೂ ಇದು ಅವಶ್ಯಕ. ಸ್ತ್ರೀಯರಲ್ಲಿಯೂ ಅಲ್ಪ ಪ್ರಮಾಣದಲ್ಲಿರುತ್ತದೆ. (ಇದೇ ನಮ್ಮ ಶುಕ್ರಧಾತುವೆನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.)

ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ರಕ್ತದಲ್ಲಿನ ಪ್ರಮಾಣವನ್ನು ಅನುಸರಿಸಿ ವೃಷಣಗಳಿಗೆ ಆಜ್ಞೆ ಕಳುಹಿಸುತ್ತದೆ. ಹೊರಗಿನಿಂದ ಹಾರ್ಮೋನು ತುಂಬಿದಾಗ ಆ ಆಜ್ಞೆ ನಿಲ್ಲುತ್ತದೆ. ವೀರ್ಯಾಣುಗಳು ಬೆಳೆಯಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇರಬೇಕು. ಚುಚ್ಚುಮದ್ದು ಅದನ್ನು ಪೂರೈಸಲಾರದು. ವೃಷಣಗಳು ಕುಗ್ಗುತ್ತವೆ, ರಕ್ತ ಮಂದವಾಗುತ್ತದೆ.

ಕೊರತೆಯ ಶಂಕೆಯುಳ್ಳವರು ಬೆಳಿಗ್ಗೆ 10 ಗಂಟೆಯೊಳಗೆ, ಎರಡು ಬೇರೆ ಬೇರೆ ದಿನ ರಕ್ತಪರೀಕ್ಷೆ ಮಾಡಿಸಬೇಕು. ಮಧ್ಯಾಹ್ನದ ಒಂದು ವರದಿಯನ್ನು ನಂಬಿ ಔಷಧಿ ಆರಂಭಿಸಬಾರದು. ಮಕ್ಕಳನ್ನು ಬಯಸುವವರು ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಚುಚ್ಚುಮದ್ದು ನಿಲ್ಲಿಸಿದರೆ ಬಹುತೇಕರಲ್ಲಿ ವೀರ್ಯಾಣುಗಳು ಮರಳುತ್ತವೆ. ಆದರೆ ಅದಕ್ಕೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಕ್ಕೂ ಮಿಕ್ಕಿ. ಆ ಯುವಕನನ್ನು ತಜ್ಞರಲ್ಲಿಗೆ ಕಳುಹಿಸಿದೆನು. ದಂಪತಿಗಳು ಇನ್ನೂ ಕಾಯುತ್ತಿದ್ದಾರೆ.