ಕಾಣದ ನೋವಿಗೆ ಸಾಕ್ಷಿ

ನೋವು ಕಣ್ಣಿಗೆ ಕಾಣುವ ವಸ್ತುವಲ್ಲ. ಕಾಲು ಮುರಿದವನನ್ನು ಕಂಡು ಮರುಗುವ ಜನ, ಗಾಯವಾಗಲಿ ಊತವಾಗಲಿ ಇಲ್ಲದೆ ಮುಖ ಹಿಡಿದುಕೊಂಡು ನರಳುವವನನ್ನು ಅಷ್ಟು ಸುಲಭವಾಗಿ ನಂಬುವುದಿಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯ ಎಂಬ ವ್ಯಾಧಿಗೆ ತುತ್ತಾದವರ ಪಾಡು ಇದೇ.

ಮಿದುಳಿಗೆ ಸೇರಿದ 12 ಜೊತೆ ನರಗಳಲ್ಲಿ ಐದನೆಯದೇ ಟ್ರೈಜೆಮಿನಲ್ ನರ. ಅದು ಮೂರು ಕವಲುಗಳಾಗಿ ಹಣೆಗೂ, ಕೆನ್ನೆ ಮತ್ತು ಮೇಲ್ದವಡೆಗೂ, ಕೆಳದವಡೆಗೂ ಹರಡಿದೆ. ಈ ರೋಗದಲ್ಲಿ ಮುಖ ತೊಳೆದರೆ, ತುತ್ತು ಅಗಿದರೆ, ತಂಗಾಳಿ ಸೋಕಿದರೆ ಸಾಕು. ಮಿಂಚು ಹೊಡೆದಂತೆ ನೋವು ಎರಗುತ್ತದೆ. ಅದು ಇರುವುದು ಕೆಲವು ಕ್ಷಣ, ಹೆಚ್ಚೆಂದರೆ 2 ನಿಮಿಷ. ಆದರೆ ಮತ್ತೆ ಮತ್ತೆ ಬರುತ್ತದೆ. ದವಡೆಯಲ್ಲಿ ನೋಯುವುದರಿಂದ ಅಪವಾದ ಹಲ್ಲಿನ ಮೇಲೆ. ನನ್ನ ಸೋದರತ್ತೆಯವರು ಎರಡು ಗಟ್ಟಿ ಹಲ್ಲುಗಳನ್ನು ಕೀಳಿಸಿಕೊಂಡರು. ಹಲ್ಲು ಹೋಯಿತು, ನೋವು ಉಳಿಯಿತು. ಕಲಾ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಓದತೊಡಗಿದುದು ಆ ಬಳಿಕ.

ಬಹುಮಟ್ಟಿಗೆ ಈ ನೋವಿನ ಮೂಲವಿರುವುದು ಹಲ್ಲಿನಲ್ಲಲ್ಲ, ನರದ ಬುಡದಲ್ಲಿ. ಅಲ್ಲಿ ಒಂದು ರಕ್ತನಾಳವು ನರವನ್ನು ಒತ್ತುತ್ತಿರುತ್ತದೆ. ನಾಡಿ ಬಡಿದಂತೆಲ್ಲ ನರದ ಹೊದಿಕೆ ಸವೆದು, ಹೊದಿಕೆ ಕಳೆದುಕೊಂಡ ವಿದ್ಯುತ್ ತಂತಿಗಳಂತೆ ಒಂದರ ಸಂದೇಶ ಇನ್ನೊಂದಕ್ಕೆ ಹಾರುತ್ತದೆ. ಇಂಥ ಒತ್ತಡವನ್ನು 1930ರ ದಶಕದಲ್ಲಿಯೇ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಗುರುತಿಸಿದ್ದರು. ಆದರೆ ಆಗ ತಲೆಬುರುಡೆಯನ್ನು ತೆರೆಯದೆ ಅದನ್ನು ನೋಡುವ ಉಪಾಯವಿರಲಿಲ್ಲ.

ಆ ಉಪಾಯವನ್ನು ಒದಗಿಸಿದುದು ಎಂ.ಆರ್.ಐ. ಇದರಲ್ಲಿ ಕ್ಷ-ಕಿರಣಗಳಿಲ್ಲ. ಪ್ರಬಲ ಅಯಸ್ಕಾಂತ ಮತ್ತು ರೇಡಿಯೊ ತರಂಗಗಳ ನೆರವಿನಿಂದ, ದೇಹದಲ್ಲಿರುವ ನೀರಿನ ಜಲಜನಕವೇ ಚಿತ್ರ ಬರೆಯುವಂತೆ ಮಾಡಲಾಗುತ್ತದೆ. ಈ ಸಾಧನೆಗಾಗಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ 2003ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದರೂ ಒಂದು ತೊಡಕು ಉಳಿಯಿತು. ನೋವೇ ಇಲ್ಲದ ಎಷ್ಟೋ ಜನರಲ್ಲಿಯೂ ರಕ್ತನಾಳ ನರಕ್ಕೆ ತಾಗಿರುತ್ತದೆ! ಹಾಗಾದರೆ ನರವು ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ?

ಇದಕ್ಕೆ ಉತ್ತರ ಹುಡುಕುತ್ತಿರುವುದು ಡಿಫ್ಯೂಷನ್ ಟೆನ್ಸರ್ ಎಂಬ ಹೊಸ ಬಗೆಯ ಚಿತ್ರಣ. ಕಾಲುವೆಯ ನೀರು ಉದ್ದಕ್ಕೆ ಹರಿಯುವಂತೆ, ಆರೋಗ್ಯವಾದ ನರದಲ್ಲಿ ನೀರಿನ ಕಣಗಳು ಎಳೆಗಳ ಉದ್ದಕ್ಕೆ ಸರಾಗವಾಗಿ ಚಲಿಸುತ್ತವೆ, ಅಡ್ಡಕ್ಕೆ ಕಷ್ಟದಿಂದ. ಏರಿ ಒಡೆದರೆ ನೀರು ಅಡ್ಡಕ್ಕೂ ನುಗ್ಗುತ್ತದೆ. ಈ ಚಲನೆಯನ್ನು 0 ರಿಂದ 1ರವರೆಗಿನ ಅಂಕಿಯಲ್ಲಿ ಹೇಳಬಹುದು. 0 ಎಂದರೆ ಎಲ್ಲ ದಿಕ್ಕಿಗೂ ಸಮ. 1ಕ್ಕೆ ಹತ್ತಿರವಾದಷ್ಟೂ ಒಂದೇ ದಿಕ್ಕು. ನೋವಿರುವ ಕಡೆಯ ನರದಲ್ಲಿ ಈ ಅಂಕಿ ಇಳಿದಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಚಿಕಿತ್ಸೆ ಫಲಿಸಿದ ಮೇಲೆ ಅದು ಸುಧಾರಿಸಿದುದನ್ನೂ ಕೆಲವು ತೋರಿಸಿವೆ.

ಅಂದಮಾತ್ರಕ್ಕೆ ಯಂತ್ರವೇ ವೈದ್ಯನಾಗಲಿಲ್ಲ. ನರವು ಕೆಲವೇ ಮಿಲಿಮೀಟರ್ ದಪ್ಪ; ಸುತ್ತಲಿನ ದ್ರವವೂ ಅಳತೆಯನ್ನು ಕೆಡಿಸಬಲ್ಲದು. ರೋಗವನ್ನು ಗುರುತಿಸಲು ಇಂದಿಗೂ ಮೊದಲ ಆಧಾರ ರೋಗಿಯ ಮಾತೇ. ಚಿತ್ರವು ಆ ಮಾತಿಗೆ ಸಾಕ್ಷಿ ನುಡಿಯಬಲ್ಲದು. ಆದರೆ ಸಾಕ್ಷಿ ಬರುವವರೆಗೆ ನೊಂದವರನ್ನು ನಂಬದಿರುವುದು ನ್ಯಾಯವಲ್ಲ.