ಫ್ಯಾಂಟಮ್ ಉಡುಪಿನ ನಿಜವಾದ ಬಣ್ಣ ಯಾವುದು?

ಕಳೆದ ರಜೆಯಲ್ಲಿ ನನಗೂ ನನ್ನ ನಾನಾ ಅವರಿಗೂ ಒಂದು ಸಣ್ಣ ವಾದವಾಯಿತು. ನಾನು ಮೊಬೈಲಿನಲ್ಲಿ ಫ್ಯಾಂಟಮ್ ಚಿತ್ರ ನೋಡುತ್ತಿದ್ದೆ. ಮೈಗೆ ಅಂಟಿದಂತಿರುವ ನೇರಳೆ ಉಡುಪು, ಕಣ್ಣಿಗೆ ಕಪ್ಪು ಮುಖವಾಡ. ನಾನಾ ಬಗ್ಗಿ ನೋಡಿ, "ಇವನದು ನೀಲಿ ಬಟ್ಟೆ ಅಲ್ಲವೇನೋ?" ಅಂದರು. ಚಿಕ್ಕವರಿದ್ದಾಗ ಮೈಸೂರಿನ ನೆಂಟರ ಮನೆಯಲ್ಲಿ ಇಂಗ್ಲಿಷ್ ಕಾಮಿಕ್ಸ್ ನೋಡಿದ್ದರಂತೆ. ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಚಿತ್ರ ಮಾತ್ರ ನೋಡಿದ್ದು. "ಇಲ್ಲ ನಾನಾ, ನಿಮಗೆ ಮರೆತುಹೋಗಿದೆ" ಅಂದುಬಿಟ್ಟೆ. ಅವರು ಸುಮ್ಮನಾದರು. ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ತಪ್ಪಿದ್ದವನು ನಾನು.

ಫ್ಯಾಂಟಮ್‌ನನ್ನು ಸೃಷ್ಟಿಸಿದವರು ಅಮೆರಿಕದ ಲೀ ಫಾಕ್. 1936ರ ಫೆಬ್ರುವರಿ 17ರಂದು ಅವನ ಕಥೆ ದಿನಪತ್ರಿಕೆಗಳಲ್ಲಿ ಶುರುವಾಯಿತು. ಕನ್ನಡದವರಿಗೆ ಅವನನ್ನು ಹತ್ತಿರ ಮಾಡಿದ್ದು 'ಸುಧಾ' ವಾರಪತ್ರಿಕೆ. ನಮ್ಮ ಅಪ್ಪ ಅಮ್ಮಂದಿರ ವಯಸ್ಸಿನ ಅನೇಕರು ಫ್ಯಾಂಟಮ್ ಹೆಸರು ಕೇಳಿದರೆ ಮೊದಲು ನೆನೆಯುವುದು ಸುಧಾವನ್ನೇ.

ದಿನಪತ್ರಿಕೆಯ ಚಿತ್ರಕಥೆ ಕಪ್ಪು ಬಿಳುಪಿನಲ್ಲಿತ್ತು. ಹಾಗಾಗಿ ಮೊದಲ ಮೂರು ವರ್ಷ ಓದುಗರಿಗೆ ಉಡುಪಿನ ಬಣ್ಣವೇ ಕಾಣಲಿಲ್ಲ. ಲೀ ಫಾಕ್ ಅವರ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣ. ಆದರೆ 1939ರ ಮೇ 28ರಂದು ಭಾನುವಾರದ ಬಣ್ಣದ ಪುಟ ಆರಂಭವಾದಾಗ ಉಡುಪು ನೇರಳೆಯಾಗಿ ಅಚ್ಚಾಯಿತು. ಅದೇ ಅಲ್ಲಿ ಉಳಿಯಿತು. ಬೇರೆ ದೇಶಗಳಲ್ಲಿ ಹಾಗಾಗಲಿಲ್ಲ. ಸ್ವೀಡನ್ನಿನಲ್ಲಿ ಅವನು ನೀಲಿ. ಇಟಲಿ, ಬ್ರೆಜಿಲ್, ಟರ್ಕಿಯಲ್ಲಿ ಕೆಂಪು. ಟರ್ಕಿಯಲ್ಲಂತೂ ಅವನ ಹೆಸರಿಗೇ 'ಕೆಂಪು ಮುಖವಾಡ' ಎಂದು ಅರ್ಥ.

ನಮ್ಮ ದೇಶದಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚಿನಲ್ಲಿ 'ಇಂದ್ರಜಾಲ ಕಾಮಿಕ್ಸ್' ಆರಂಭಿಸಿತು. ಅದರ ಮೊದಲ ನಾಯಕ ಫ್ಯಾಂಟಮ್. ಆರಂಭದ ಕೆಲವು ಸಂಚಿಕೆಗಳಲ್ಲಿ ಅವನ ಉಡುಪು ನೀಲಿಯಾಗಿತ್ತು, ಆಮೇಲೆ ನೇರಳೆಯಾಯಿತು. ನಾನಾ ನೋಡಿದ್ದು ಆ ಮೊದಲಿನವುಗಳಲ್ಲಿ ಒಂದಿರಬೇಕು. ಅಕ್ಷರ ಓದಲಾಗದ ಹುಡುಗನಿಗೆ ಬಣ್ಣವೇ ಕಥೆಯಾಗಿತ್ತು. ಅದನ್ನು ಅವರು ಅರವತ್ತು ವರ್ಷ ಮರೆಯದೆ ಇಟ್ಟುಕೊಂಡಿದ್ದರು.

ಬರೆದವನ ಮನಸ್ಸಿನ ಬಣ್ಣ ಬೇರೆ, ಪುಟದ ಬಣ್ಣ ಬೇರೆ ಆಗುವುದು ಹೇಗೆ? ಅಚ್ಚುಕೂಟದಲ್ಲಿ ಕೆಲಸ ನಡೆಯುವುದು ನಾಲ್ಕೇ ಶಾಯಿಗಳಲ್ಲಿ: ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು. ಉಳಿದೆಲ್ಲ ಬಣ್ಣಗಳೂ ಇವುಗಳ ಸಣ್ಣ ಚುಕ್ಕೆಗಳನ್ನು ಸೇರಿಸಿ ಮಾಡಿದವು. ಹಿಂದೆ ಕಾಮಿಕ್ಸ್ ಅಚ್ಚಾಗುತ್ತಿದ್ದ ಅಗ್ಗದ ಕಾಗದ ಶಾಯಿಯನ್ನು ಹೀರಿಕೊಳ್ಳುತ್ತಿತ್ತು. ಕೆಂಪು, ಹಳದಿ, ನೀಲಿಯಂಥ ಗಟ್ಟಿ ಬಣ್ಣಗಳು ಅದರ ಮೇಲೂ ಎದ್ದು ಕಾಣುತ್ತಿದ್ದವು. 1938ರಲ್ಲಿ ಬಂದ ಸೂಪರ್‌ಮ್ಯಾನ್ ಮೈಮೇಲೆ ಇರುವುದು ಈ ಮೂರೇ. ಬೂದು ಬಣ್ಣ ಮಾತ್ರ ಕಷ್ಟ ಕೊಡುತ್ತಿತ್ತು. 1962ರಲ್ಲಿ ಹಲ್ಕ್ ಮೊದಲು ಬಂದಾಗ ಅವನ ಮೈ ಬೂದು. ಆದರೆ ಒಂದೇ ಸಂಚಿಕೆಯ ಪುಟಪುಟಕ್ಕೂ ಆ ಬೂದು ಬೇರೆಬೇರೆಯಾಗಿ ಮೂಡಿತು. ಹಾಗಾಗಿ ಎರಡನೇ ಸಂಚಿಕೆಯಿಂದ ಅವನನ್ನು ಹಸಿರು ಮಾಡಿದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ರೂಪಿಸಿದ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳಲ್ಲೂ ಖರ್ಚು ಉಳಿಸಲು ಹಳದಿ, ನೀಲಿ, ಹಸಿರು ಬಣ್ಣಗಳನ್ನಷ್ಟೇ ಬಳಸಿದ್ದರು.

ಅಂದರೆ ನಾವು 'ಅಸಲಿ' ಎಂದು ಹಟ ಹಿಡಿಯುವ ಬಣ್ಣ ಎಷ್ಟೋ ಸಲ ಶಾಯಿ, ಕಾಗದ, ದುಡ್ಡು ಸೇರಿ ಮಾಡಿದ ತೀರ್ಮಾನ. ಆದರೂ ಅಭಿಮಾನಿಗೆ ಅದು ಅಸಲಿಯೇ, ಏಕೆಂದರೆ ಅವನು ಮೊದಲು ನೋಡಿದ್ದು ಅದನ್ನು. 1997ರಲ್ಲಿ ಸೂಪರ್‌ಮ್ಯಾನ್‌ಗೆ ಹೊಸ ಮಿಂಚುನೀಲಿ ಉಡುಪು ತೊಡಿಸಿದರು. ಮರುವರ್ಷವೇ ಹಳೆಯದು ಮರಳಿತು. 2011ರಲ್ಲಿ ಅವನ ಕೆಂಪು ಚಡ್ಡಿ ತೆಗೆದರು, 2018ರಲ್ಲಿ ಮತ್ತೆ ಹಾಕಿದರು. ಹಾಗೆಂದು ಅಭಿಮಾನಿಗಳು ಹೊಸದನ್ನು ಎಂದೂ ಒಪ್ಪುವುದಿಲ್ಲ ಎನ್ನುವಂತಿಲ್ಲ. ಸ್ಪೈಡರ್‌ಮ್ಯಾನ್‌ಗೆ ಕಪ್ಪು ಉಡುಪು ಕೊಡಬಹುದೆಂಬ ಯೋಚನೆ ಬಂದದ್ದೇ ರ‍್ಯಾಂಡಿ ಶೂಲರ್ ಎಂಬ ಓದುಗನಿಗೆ. ಮಾರ್ವೆಲ್ ಕಂಪನಿ 1982ರಲ್ಲಿ ಅದನ್ನು 220 ಡಾಲರಿಗೆ ಕೊಂಡಿತು. 1984ರಲ್ಲಿ ಕಪ್ಪು ಉಡುಪು ಪುಟಕ್ಕೆ ಬಂತು.

ನಮ್ಮಲ್ಲೂ ಇದೇ ನಡೆಯುತ್ತದೆ. 2024ರ ಮಾರ್ಚಿನಲ್ಲಿ ಆರ್‌ಸಿಬಿ ಜರ್ಸಿಯಲ್ಲಿ ಕಪ್ಪಿನ ಜಾಗಕ್ಕೆ ನೀಲಿ ಬಂದಾಗ ನಮ್ಮ ತರಗತಿಯಲ್ಲಿ ಒಂದು ವಾರ ಅದೇ ಚರ್ಚೆ. ಪಂದ್ಯ ಶುರುವಾದ ಮೇಲೆ ಯಾರಿಗೂ ಅದು ನೆನಪಾಗಲಿಲ್ಲ.

ಬಣ್ಣ ಹೀಗೆ ಬದಲಾದರೂ ಲಾಂಛನ ಅಷ್ಟು ಸುಲಭವಾಗಿ ಬದಲಾಗದು. ಫ್ಯಾಂಟಮ್ ನೀಲಿಯಿರಲಿ, ಕೆಂಪಿರಲಿ, ಬಲಗೈಯ ತಲೆಬುರುಡೆ ಉಂಗುರ ಎಲ್ಲ ದೇಶದಲ್ಲೂ ಒಂದೇ. ಅವನ ಏಟು ತಿಂದ ದುಷ್ಟನ ದವಡೆಯ ಮೇಲೆ ಆ ಗುರುತು ಉಳಿಯುತ್ತದೆ. ಎಡಗೈಯ ಉಂಗುರದ ಗುರುತು ಇದ್ದವರಿಗೆ ಅವನ ರಕ್ಷಣೆ. ಲಾಂಛನ ಎಂದರೆ ಒಂದು ಮಾತು ಕೊಟ್ಟಂತೆ. ಚಿಕ್ಕ ಮಗುವೂ ಅದನ್ನು ನೋಟ್‌ಬುಕ್ಕಿನಲ್ಲಿ ಬಿಡಿಸಬಲ್ಲದು, ದೂರದಿಂದಲೇ ಗುರುತು ಹಿಡಿಯಬಲ್ಲದು.

ಅದನ್ನು ಯಾರು ತೊಡುತ್ತಾರೆ ಎಂಬುದೂ ಮುಖ್ಯ. ಮಿಸ್ ಮಾರ್ವೆಲ್ ಎಂಬ ಹೆಸರನ್ನೂ ಎದೆಯ ಮಿಂಚಿನ ಗುರುತನ್ನೂ 2014ರಲ್ಲಿ ಕಮಲಾ ಖಾನ್ ಎಂಬ ಪಾಕಿಸ್ತಾನಿ ಮೂಲದ ಅಮೆರಿಕನ್ ಹುಡುಗಿಗೆ ಕೊಟ್ಟರು. ಕಥೆಯಲ್ಲಿ ಅವಳು ಮೈ ಮುಚ್ಚುವ ಈಜುಡುಗೆಯನ್ನೇ ತಿದ್ದಿ ತನ್ನ ಉಡುಪು ಮಾಡಿಕೊಳ್ಳುತ್ತಾಳೆ. 2015ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಬಸ್ಸುಗಳ ಮೇಲೆ ಮುಸ್ಲಿಮರನ್ನು ಹೀಯಾಳಿಸುವ ಜಾಹೀರಾತುಗಳಿದ್ದಾಗ, ಕೆಲವರು ಅವುಗಳ ಮೇಲೆ ಕಮಲಾಳ ಚಿತ್ರ ಅಂಟಿಸಿದರು. ಕಥೆಯ ಗುರುತು ಬೀದಿಯಲ್ಲೂ ಕೆಲಸಕ್ಕೆ ಬಂತು.

ಇಷ್ಟೆಲ್ಲ ಓದಿದ ಮೇಲೆ ನಾನಾ ಹತ್ತಿರ ಹೋಗಿ ಇಂದ್ರಜಾಲ ಕಾಮಿಕ್ಸಿನ ಹಳೆಯ ಮುಖಪುಟವೊಂದನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ನಾನು ಹೇಳಲಿಲ್ಲವಾ?" ಅಂದರು. ತಪ್ಪಾಯಿತು ಅಂದೆ. "ಅದಿರಲಿ, ಇದರಲ್ಲಿ ಏನು ಬರೆದಿದೆ ಓದಿ ಹೇಳು" ಅಂದರು. ಅರವತ್ತು ವರ್ಷ ಬಣ್ಣವಷ್ಟೇ ಗೊತ್ತಿದ್ದ ಕಥೆಯನ್ನು ಅವರು ಅಂದು ಪೂರ್ತಿ ಕೇಳಿಸಿಕೊಂಡರು.