ಸೋತರೆ ಸಿಗುವುದು ಲಾಟರಿ ಚೀಟಿ ಮಾತ್ರ

ಐಪಿಎಲ್‌ನಲ್ಲಿ ತಳ ಕಂಡ ತಂಡಕ್ಕೆ ಹರಾಜಿನಲ್ಲಿ ಯಾವ ರಿಯಾಯಿತಿಯೂ ಇಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಹಾಗಲ್ಲ. ಅಲ್ಲಿ ಹೊಸ ಆಟಗಾರರನ್ನು ಹಂಚಿಕೊಳ್ಳಲು ಪ್ರತಿವರ್ಷ ‘ಡ್ರಾಫ್ಟ್’ ನಡೆಯುತ್ತದೆ. ಹೆಚ್ಚು ಸೋತವರಿಗೆ ಮೊದಲು ಆರಿಸುವ ಅವಕಾಶವೂ ಹೆಚ್ಚು. ಹಾಗಿದ್ದರೆ ಒಂದೆರಡು ವರ್ಷ ಬೇಕೆಂದೇ ಸೋತು, ಒಬ್ಬ ಭಾವೀ ತಾರೆಯನ್ನು ಹಿಡಿದು ತಂಡ ಕಟ್ಟಬಾರದೇಕೆ? ಈ ಲೆಕ್ಕಾಚಾರದ ಹೆಸರೇ ‘ಟ್ಯಾಂಕಿಂಗ್’.

ನಂಬಿಕೆ: ಕಟ್ಟಕಡೆಯ ತಂಡಕ್ಕೇ ಮೊದಲ ಆಯ್ಕೆ.

ಸತ್ಯ: ಹ್ಯೂಸ್ಟನ್ ತಂಡ ಬೇಕೆಂದೇ ಸೋತಿತೆಂಬ ಗುಮಾನಿ 1984ರಲ್ಲಿ ಎದ್ದಿತ್ತು. ಮರುವರ್ಷವೇ ಆಯ್ಕೆಯ ಸರದಿ ನಿರ್ಧರಿಸಲು ಲಾಟರಿ ಬಂತು. 2019ರಲ್ಲಿ ನಿಯಮ ಇನ್ನೂ ಬಿಗಿಯಾಗಿ, ಕೊನೆಯ ಮೂರೂ ತಂಡಗಳಿಗೆ ಮೊದಲ ಆಯ್ಕೆಗೆ ಸಮನಾಗಿ ಶೇ 14ರ ಅವಕಾಶ ಎಂದಾಯಿತು. ಎಲ್ಲರಿಗಿಂತ ಹೆಚ್ಚು ಸೋತವರು ಐದನೇ ಆಯ್ಕೆಗೆ ಜಾರುವ ಸಂಭವ ಸುಮಾರು ಶೇ 48. 2019ರಿಂದ 2025ರವರೆಗಿನ ಏಳು ಡ್ರಾಫ್ಟ್‌ಗಳಲ್ಲಿ ಕಟ್ಟಕಡೆಯ ತಂಡಕ್ಕೆ ಒಮ್ಮೆಯೂ ಮೊದಲ ಆಯ್ಕೆ ದಕ್ಕಲಿಲ್ಲ. ಡೆಟ್ರಾಯ್ಟ್‌ನ ಪಾಡು ನೋಡಿ: 2022–23ರಲ್ಲಿ 82 ಪಂದ್ಯಗಳಲ್ಲಿ 65 ಸೋತಿತು, ಆದರೆ ಆ ಸಲದ ಮೊದಲ ಆಯ್ಕೆ ವಿಕ್ಟರ್ ವೆಂಬನ್ಯಾಮಾ ಸ್ಯಾನ್ ಆಂಟೋನಿಯೊ ಪಾಲಾದ. ಮರುವರ್ಷ 68 ಸೋತಿತು, ಅದರಲ್ಲಿ ಸತತ ಸೋಲೇ 28! ಎರಡು ಸಲವೂ ಸಿಕ್ಕಿದ್ದು ಐದನೇ ಆಯ್ಕೆ. 2025ರಲ್ಲಿ ಮೊದಲ ಆಯ್ಕೆಯಾಗಿ ಕೂಪರ್ ಫ್ಲ್ಯಾಗ್‌ನನ್ನು ಪಡೆದ ಡಲ್ಲಾಸ್‌ಗೆ ಇದ್ದ ಅವಕಾಶ ಶೇ 1.8 ಮಾತ್ರ.

ನಂಬಿಕೆ: ಆಟಗಾರರೇ ಸೋಲಲೆಂದು ಆಡುತ್ತಾರೆ.

ಸತ್ಯ: ತನ್ನ ಮುಂದಿನ ಒಪ್ಪಂದ ಈ ಆಟದ ಮೇಲೆಯೇ ನಿಂತಿರುವಾಗ ಯಾರು ಕೆಟ್ಟದಾಗಿ ಆಡುತ್ತಾರೆ? ಸೋಲು ತಯಾರಾಗುವುದು ಆಡಳಿತದ ಕೋಣೆಯಲ್ಲಿ. ಅನುಭವಿಗಳನ್ನು ಬೇರೆ ತಂಡಗಳಿಗೆ ದಾಟಿಸುತ್ತಾರೆ, ಸಣ್ಣ ನೋವಿಗೂ ಮುಖ್ಯ ಆಟಗಾರನಿಗೆ ವಿಶ್ರಾಂತಿ ಕೊಡುತ್ತಾರೆ.

ನಂಬಿಕೆ: ತಾಳ್ಮೆಯಿದ್ದರೆ ಫಲ ಗ್ಯಾರಂಟಿ.

ಸತ್ಯ: ಫಿಲಡೆಲ್ಫಿಯಾದಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಸ್ಯಾಮ್ ಹಿಂಕಿ ಮುಖ್ಯಸ್ಥನಾದ ಮೇಲಿನ ಮೂರು ಋತುಗಳಲ್ಲಿ ಗೆಲುವು 19, 18, 10. ಅಭಿಮಾನಿಗಳು ಇದನ್ನು ‘ದಿ ಪ್ರೊಸೆಸ್’ ಎಂದು ಮಂತ್ರದಂತೆ ಜಪಿಸಿದರು. ಜೋಯೆಲ್ ಎಂಬೀಡ್ ಸಿಕ್ಕಿದ, 2023ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರನೂ ಆದ. ಆದರೆ 2017ರ ಮೊದಲ ಆಯ್ಕೆ ಮಾರ್ಕೆಲ್ ಫುಲ್ಟ್ಸ್ ಭುಜದ ತೊಂದರೆಯಲ್ಲೇ ಕಳೆದುಹೋದ. ಎಂಬೀಡ್ ಆ ಗೌರವ ಪಡೆದ ವರ್ಷವೂ ತಂಡ ಪ್ಲೇಆಫ್‌ನ ಎರಡನೇ ಸುತ್ತು ದಾಟಲಿಲ್ಲ. ಹಿಂಕಿಯಂತೂ 2016ರಲ್ಲೇ ರಾಜೀನಾಮೆ ಕೊಟ್ಟಿದ್ದ.

ನಂಬಿಕೆ: 2025ರಲ್ಲಿ ಒಕ್ಲಹೋಮ ಸಿಟಿ ಪ್ರಶಸ್ತಿ ಗೆದ್ದಿದ್ದೇ ಟ್ಯಾಂಕಿಂಗ್‌ಗೆ ಸಾಕ್ಷಿ.

ಸತ್ಯ: ಅರ್ಧ ಸತ್ಯ. ಆ ತಂಡ ಎರಡು ಋತು ಸಾಕಷ್ಟು ಸೋತದ್ದು ನಿಜ, ಆ ಸೋಲಿನ ಫಲವಾಗಿ 2022ರ ಎರಡನೇ ಆಯ್ಕೆಯಲ್ಲಿ ಚೆಟ್ ಹೋಮ್‌ಗ್ರೆನ್ ಸಿಕ್ಕಿದ್ದೂ ನಿಜ. ಆದರೆ ನಾಯಕಶಕ್ತಿ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದದ್ದು ಸೋಲಿನಿಂದಲ್ಲ. 2019ರಲ್ಲಿ ಪಾಲ್ ಜಾರ್ಜ್‌ನನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟ ವ್ಯಾಪಾರದಿಂದ. ಜೇಲನ್ ವಿಲಿಯಮ್ಸ್‌ನನ್ನು ಆರಿಸಿದ 12ನೇ ಆಯ್ಕೆಯೂ ಅದೇ ವ್ಯಾಪಾರದ ಗಳಿಕೆ. ಚೌಕಾಸಿಯ ಜಾಣ್ಮೆಯನ್ನು ಸೋಲಿನ ಖಾತೆಗೆ ಜಮಾ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಆಟಗಾರನನ್ನು ಗುರುತಿಸುವ ಕಣ್ಣಿಗೂ ಸೋಲಿಗೂ ನಂಟಿಲ್ಲ. ಮಿಲ್ವಾಕಿಗೆ 2021ರಲ್ಲಿ ಪ್ರಶಸ್ತಿ ತಂದ ಯಾನಿಸ್ ಆಂಟೆಟೊಕುಂಪೊ 15ನೇ ಆಯ್ಕೆ. 2023ರಲ್ಲಿ ಡೆನ್ವರ್‌ನ್ನು ಗೆಲ್ಲಿಸಿದ ನಿಕೊಲಾ ಯೋಕಿಚ್ 41ನೆಯವನು. ಅವನನ್ನು ಆರಿಸದೆ ಬಿಟ್ಟವರಲ್ಲಿ 2014ರಲ್ಲಿ ಮೂರನೇ ಮತ್ತು ಹತ್ತನೇ ಆಯ್ಕೆಗಳೆರಡನ್ನೂ ಕೈಯಲ್ಲಿಟ್ಟುಕೊಂಡಿದ್ದ ಫಿಲಡೆಲ್ಫಿಯಾವೂ ಇತ್ತು.